ಶರಬತ್ತು ಏರಲಿಲ್ಲವಲ್ಲ, ಅಂಕಲ್?

ಡೊಂಬಿವಲಿಯಲ್ಲಿ ಕನ್ನಡದ ಮಕ್ಕಳಿಗೊಂದು ರಸಪ್ರಶ್ನೆ, ವಿಷಯ ಹವಾಮಾನ ಬದಲಾವಣೆ. ಕಡಲಿನ ಮಟ್ಟ ಏಕೆ ಏರುತ್ತಿದೆ? "ಉತ್ತರ ಧ್ರುವದ ಹಿಮ ಕರಗಿ" ಎಂದವನಿಗೆ ಹತ್ತು ಅಂಕ ಬಿತ್ತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಪುನರ್ಪುಳಿ ಶರಬತ್ತಿನ ಲೋಟ ಎತ್ತಿ ಹಿಡಿದು, "ಅಂಕಲ್, ನನ್ನ ಐಸು ಪೂರಾ ಕರಗಿತು. ಶರಬತ್ತು ಏರಲಿಲ್ಲವಲ್ಲ?" ಅಂದಳು. ಎಲ್ಲರೂ ನಕ್ಕರು. ಅಂಕ ಸಲ್ಲಬೇಕಾದದ್ದು ಅವಳಿಗೆ.

ಉತ್ತರ ಧ್ರುವದ್ದು ತೇಲುವ ಹಿಮ. ತನ್ನ ತೂಕದಷ್ಟು ನೀರನ್ನು ಮೊದಲೇ ಸರಿಸಿಕೊಂಡು ಕೂತಿರುತ್ತದೆ, ಕರಗಿದರೂ ಮಟ್ಟ ಹೆಚ್ಚುಕಮ್ಮಿ ಅಷ್ಟೇ. ಏರಿಸುವುದು ನೆಲದ ಮೇಲಿನ ಹಿಮ. ಗ್ರೀನ್‌ಲ್ಯಾಂಡಿನದು ಪೂರ್ತಿ ಕರಗಿದರೆ ಸುಮಾರು 7 ಮೀಟರ್.

ಮನೆಯಲ್ಲೇ ನೋಡಬಹುದು. ಒಂದೇ ಅಳತೆಯ ಎರಡು ಗಾಜಿನ ಲೋಟ, ಅರ್ಧದ ಮೇಲೆ ನೀರು. ಒಂದರಲ್ಲಿ ಎರಡು ಐಸ್ ತುಂಡು ತೇಲಿಬಿಟ್ಟು, ಆಮೇಲೆ ಪೆನ್ನಿನಿಂದ ಗೆರೆ ಎಳೆಯಿರಿ. ಇನ್ನೊಂದಕ್ಕೆ ಮೊದಲು ಗೆರೆ, ನಂತರ ಬಾಯಿಗೆ ಚಹಾ ಸೋಸುವ ಜರಡಿ, ಅದರಲ್ಲಿ ಐಸು. ಜರಡಿ ನೀರಿಗೆ ತಾಗಬಾರದು. ಐಸು ಕರಗಿದಾಗ ನೀರು ಗೆರೆ ದಾಟುವುದು ಈ ಎರಡನೆಯದರಲ್ಲೇ. ತುಂಬ ಐಸು ಹಾಕಿ ಅದು ತಳಕ್ಕೆ ಕೂತರೆ ತೇಲಿದಂತಾಗಲಿಲ್ಲ, ಲೆಕ್ಕ ಕೆಡುತ್ತದೆ. ಮುಂಬಯಿಯ ಸೆಕೆಗೆ ಲೋಟದ ಹೊರಮೈ ಬೆವರುತ್ತದೆ. ಅದನ್ನು ಕಂಡು "ನೀರು ತುಳುಕಿತು" ಎನ್ನುವ ಮಕ್ಕಳೂ ಉಂಟು.

ಇನ್ನು, ಯಾರೂ ಹೇಳದ ಉತ್ತರವೇ ದೊಡ್ಡದು: ಬಿಸಿಯಾದ ನೀರು ಹಿಗ್ಗುತ್ತದೆ. 1971ರಿಂದ 2018ರವರೆಗಿನ ಏರಿಕೆಯಲ್ಲಿ ಸುಮಾರು ಅರ್ಧದಷ್ಟು ಅದರದ್ದೇ. ಪುಟ್ಟ ಗಾಜಿನ ಬಾಟಲಿಗೆ ಬಣ್ಣದ ನೀರು ಕಂಠದವರೆಗೆ ತುಂಬಿ, ಸ್ಟ್ರಾ ಇಳಿಸಿ, ಬಾಯಿಗೆ ಚಪಾತಿ ಹಿಟ್ಟು ಮೆತ್ತಿ, ಬಿಸಿನೀರಿನ ಪಾತ್ರೆಯಲ್ಲಿಡಿ. ಸ್ಟ್ರಾದಲ್ಲಿ ನೀರು ಮೇಲೇರುತ್ತದೆ. ಒಳಗೆ ಗಾಳಿಗುಳ್ಳೆ ಉಳಿದಿದ್ದರೆ ಮಾತ್ರ ನಂಬಬೇಡಿ, ಗಾಳಿ ನೀರಿಗಿಂತ ಎಷ್ಟೋ ಪಾಲು ಹೆಚ್ಚು ಹಿಗ್ಗುತ್ತದೆ.

ಓಝೋನ್ ತೂತಿನಿಂದಲೇ ಭೂಮಿ ಬಿಸಿಯಾಯಿತೆಂಬ ತಪ್ಪು ಉತ್ತರಕ್ಕೂ ಅಂಕ ಕೊಟ್ಟರು, ಬಿಡಿ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಸುರಿದ 944 ಮಿ.ಮೀ. ಮಳೆಗೂ "ಹವಾಮಾನ ಬದಲಾವಣೆ" ಎಂಬ ಒಂದೇ ಉತ್ತರ. ಹವಾಮಾನ ಎನ್ನಲು ಒಂದು ದಿನದ ಮಳೆ ಸಾಲದು, ಸಾಮಾನ್ಯವಾಗಿ 30 ವರ್ಷದ ಸರಾಸರಿ ಬೇಕು. ಅವತ್ತಿನ ನೆರೆಯಲ್ಲಿ ಮೀಠಿ ನದಿಯನ್ನು ಒತ್ತಿ ಕಟ್ಟಿದ್ದರ ಪಾಲೂ ಇತ್ತು.

ಕೊನೆಗೆ ಆ ಹುಡುಗಿಯೇ ಮತ್ತೆ: "ಹಾಗಾದರೆ ಉಳ್ಳಾಲದಲ್ಲಿ ಅಜ್ಜಿಯ ತೆಂಗಿನಮರ ಕಡಲಿಗೆ ಹೋದದ್ದು?"

ಏರುವ ಕಡಲೊಂದನ್ನೇ ದೂರಿದರೆ ಊರಿನವರಿಗೆ ಅನುಕೂಲ. ಅಳಿವೆಯಲ್ಲಿ ತಡೆಗೋಡೆ ಚಾಚಿದರೆ ದಡದುದ್ದಕ್ಕೆ ಸರಿಯುವ ಮರಳು ಒಂದು ಬದಿಗೆ ನಿಲ್ಲುತ್ತದೆ, ಇನ್ನೊಂದು ಬದಿ ಬರಿದಾಗುತ್ತದೆ. ನದಿಯ ಮರಳನ್ನು ಲಾರಿಗೆ ತುಂಬಿದಷ್ಟೂ ದಡಕ್ಕೆ ಬರುವುದು ಕಮ್ಮಿ. ಮತ್ತೆ ಮಳೆಗಾಲ ಬಂತೆಂದರೆ ಬಂಡೆ ಸುರಿಯುತ್ತಾರೆ. ಬಂಡೆಯ ಸಾಲು ಮುಗಿಯುವಲ್ಲಿ ಅಲೆ ತಿರುಗಿ, ಪಕ್ಕದ ಮನೆಯವರ ತೆಂಗಿನ ಬುಡಕ್ಕೆ ಕೈಹಾಕುತ್ತದೆ.