ಮೂರನೆಯ ಟರ್ಬೊ ಯಾಕೆ ಹೋಯಿತು

ಕಳೆದ ಮೇ ತಿಂಗಳಲ್ಲಿ ಒಂದು ಡೀಸೆಲ್ ಎಸ್‌ಯುವಿಗೆ ನಾನು ಹಾಕಿದ ಹೊಸ ಟರ್ಬೊ, ಅಂದರೆ ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಯಂತ್ರ, ಆರುನೂರು ಕಿಲೋಮೀಟರ್ ಕೂಡ ಬಾಳಲಿಲ್ಲ. ಕಲಬುರಗಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಎಂಜಿನ್ ಕೆಲಸ ಮಾಡುತ್ತಿದ್ದೇನೆ. ನನ್ನ ಕೈಯಾರೆ ಕೂರಿಸಿದ ಟರ್ಬೊ ಇಷ್ಟು ಬೇಗ ಹೋದದ್ದು ಅದೇ ಮೊದಲು. ಈ ಕೆಲಸಕ್ಕೆ ಹೊಸದಾಗಿ ಬಂದ ಹುಡುಗರಿಗೂ, ಗಾಡಿಯ ಪವರ್ ಹೆಚ್ಚಿಸಿಕೊಳ್ಳಬೇಕೆಂದು ಹೊರಟವರಿಗೂ ಉಪಯೋಗವಾಗಲಿ ಎಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಗಾಡಿಯ ಮಾಲೀಕ ಚಿತ್ತಾಪುರ ಕಡೆಯ ಯುವಕ. ಗುತ್ತಿಗೆ ಕೆಲಸಕ್ಕಾಗಿ ದಿನವೂ ವಾಡಿ, ಶಹಾಬಾದ್ ಸುತ್ತುವವನು. ಡಿಸೆಂಬರ್‌ನಲ್ಲಿ ಬೇರೆ ಊರಿಗೆ ಹೋಗಿ ರೀಮ್ಯಾಪ್ ಮಾಡಿಸಿಕೊಂಡು ಬಂದಿದ್ದ. ಅಂದರೆ ಎಂಜಿನ್ನನ್ನು ನಡೆಸುವ ಇಸಿಯು ಎಂಬ ಕಂಪ್ಯೂಟರಿನ ಲೆಕ್ಕ ಬದಲಿಸಿ, ಡೀಸೆಲ್ಲನ್ನೂ ಟರ್ಬೊ ಒತ್ತಡವನ್ನೂ ಏರಿಸುವುದು. 140 ಇದ್ದ ಅಶ್ವಶಕ್ತಿ 175 ಆಯಿತೆಂದು ಚೀಟಿ ಕೊಟ್ಟಿದ್ದರು. ಮಾರ್ಚ್‌ನಲ್ಲಿ ಕಂಪನಿಯಿಂದ ಬಂದ ಟರ್ಬೊ ಹೋಯಿತು. ಇನ್ನೊಂದು ಗ್ಯಾರೇಜಿನಲ್ಲಿ ಹಾಕಿಸಿದ ಎರಡನೆಯದು ಎರಡು ಸಾವಿರ ಕಿಲೋಮೀಟರಿಗೆ ಮುಗಿಯಿತು. ಆಮೇಲೆ ನನ್ನ ಬಳಿ ಬಂದ.

"ಉಸ್ತಾದ್, ಅವರು ಡೂಪ್ಲಿಕೇಟ್ ಹಾಕಿ ಕೈ ತೊಳೆದುಕೊಂಡಿದ್ದಾರೆ. ನೀವು ಅಸಲಿ ತರಿಸಿ ಹಾಕಿಕೊಡಿ" ಎಂದ.

ನಾನು ಆ ಮಾತನ್ನು ಒಪ್ಪಿಕೊಂಡುಬಿಟ್ಟೆ. ಮಾಡಿದ ತಪ್ಪು ಅದೇ. ಅಸಲಿ ತರಿಸಿದೆ, ಎಂಜಿನ್ ಎಣ್ಣೆ ಬದಲಿಸಿದೆ, ಕೂರಿಸಿ ಕಳಿಸಿದೆ. ಒಂಬತ್ತನೆಯ ದಿನ ಗಾಡಿಯನ್ನು ಎಳೆದುಕೊಂಡು ಬಂದರು. ಸ್ಟಾರ್ಟ್ ಮಾಡಿದರೆ ಹಿಂದೆ ನೀಲಿ ಹೊಗೆ, ಮುಂದೆ ಅಂಬುಲೆನ್ಸಿನ ಸೈರನ್ನಿನಂತಹ ಕೂಗು.

ಬಿಚ್ಚಿ ಮೇಜಿನ ಮೇಲಿಟ್ಟೆ. ಬೆರಳಿನಲ್ಲಿ ಹಿಡಿದು ಅಲುಗಿಸಿದರೆ, ಒಳಗಿನ ಚಕ್ರಗಳನ್ನು ಹೊತ್ತ ಶಾಫ್ಟ್ ಮುಂದಕ್ಕೂ ಹಿಂದಕ್ಕೂ ಸರಿಯುತ್ತಿತ್ತು. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇರುವುದು ಸಹಜ, ಎಣ್ಣೆ ನಿಲ್ಲಲು ಅಷ್ಟು ಜಾಗ ಬೇಕು. ಹಿಂದಕ್ಕೂ ಮುಂದಕ್ಕೂ ಕೈಗೆ ಗೊತ್ತಾಗುವಷ್ಟು ಸರಿದರೆ ಮುಗಿಯಿತು. ಗಾಳಿ ದೂಡುವ ಚಕ್ರದ ರೆಕ್ಕೆಗಳು ಕವಚಕ್ಕೆ ಉಜ್ಜಿ ತುದಿ ಸವೆದಿದ್ದವು. ಶಾಫ್ಟನ್ನು ಒರೆಸಿದಾಗ, ಬೇರಿಂಗ್ ಕೂರುವ ಜಾಗದಲ್ಲಿ ಉಕ್ಕು ನವಿಲುಗತ್ತಿನ ಬಣ್ಣಕ್ಕೆ ತಿರುಗಿದ್ದು ಕಂಡಿತು. ಎಣ್ಣೆ ಸಿಗದೆ ಕಾದ ಉಕ್ಕು ಮಾತ್ರ ಆ ಬಣ್ಣಕ್ಕೆ ಬರುತ್ತದೆ. ಡೂಪ್ಲಿಕೇಟ್, ಅಸಲಿ ಎಂಬ ಮಾತು ಅಲ್ಲಿಗೆ ನಿಂತಿತು.

ಟರ್ಬೊದಲ್ಲಿ ಒಂದೇ ಶಾಫ್ಟಿನ ಎರಡು ತುದಿಗೆ ಎರಡು ಚಕ್ರ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ, ಇನ್ನೊಂದು ಎಂಜಿನ್ನಿಗೆ ಗಾಳಿ ತುಂಬುತ್ತದೆ. ಇಂತಹ ಸಣ್ಣ ಟರ್ಬೊಗಳ ಶಾಫ್ಟ್ ನಿಮಿಷಕ್ಕೆ ಲಕ್ಷ, ಒಂದೂವರೆ ಲಕ್ಷ, ಎರಡು ಲಕ್ಷ ಸುತ್ತಿನವರೆಗೂ ಓಡುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಅದನ್ನು ಹೊತ್ತಿರುವುದು ಬಾಲ್ ಬೇರಿಂಗ್ ಅಲ್ಲ, ಕಾಗದಕ್ಕಿಂತ ತೆಳ್ಳಗಿನ ಎಣ್ಣೆಯ ಪದರ. ಒಂದು ಬದಿಗೆ 700–800 ಡಿಗ್ರಿಯ ಹೊಗೆ, ಕೆಲವೇ ಬೆರಳು ಆಚೆ ಹೊರಗಿನ ಗಾಳಿ, ನಡುವೆ ಈ ಪದರ. ಕೆಲವು ಕ್ಷಣ ಎಣ್ಣೆ ನಿಂತರೂ ಲೋಹ ಲೋಹಕ್ಕೆ ಅಂಟುತ್ತದೆ.

ಹಾಗಾದರೆ ಹೊಸ ಎಣ್ಣೆ ಹಾಕಿದ್ದರೂ ಅದು ಯಾಕೆ ತಲುಪಲಿಲ್ಲ? ಎಣ್ಣೆ ತರುವ ಕೊಳವೆಯನ್ನು ನಾನು ಬದಲಿಸಿರಲಿಲ್ಲ, ಹಳೆಯದನ್ನೇ ಗಾಳಿ ಊದಿ ಹಾಕಿದ್ದೆ. ಅದನ್ನು ಎಂಜಿನ್ನಿಗೆ ಹಿಡಿದಿಡುವ ಬ್ಯಾಂಜೋ ಬೋಲ್ಟನ್ನು ಈ ಸಲ ಬೆಳಕಿಗೆ ಹಿಡಿದು ನೋಡಿದೆ. ಬೋಲ್ಟಿನ ಹೊಟ್ಟೆಯೊಳಗೆ ಸಣ್ಣ ಜಾಲರಿ ಇತ್ತು. ಜಾಲರಿಯ ತುಂಬ ಹಂಚಿಗೆ ಹತ್ತಿದ ಕರಕಲಿನಂತೆ ಕಪ್ಪು ಗಟ್ಟಿ. ಸೂಜಿಮೊನೆಯಷ್ಟು ಬೆಳಕು ಮಾತ್ರ ಆಚೆಗೆ ಬರುತ್ತಿತ್ತು. ಕೊಳವೆಯನ್ನು ಉದ್ದಕ್ಕೆ ಸೀಳಿಸಿದೆ, ಒಳಗೂ ಅದೇ.

ಆ ಕರಕಲು ಎಣ್ಣೆಯೇ. ಜೋರಾಗಿ ಓಡಿಸಿಕೊಂಡು ಬಂದು ಗಾಡಿ ನಿಲ್ಲಿಸಿದ ಕೂಡಲೇ ಕೀಲಿ ತಿರುಗಿಸಿದರೆ ಎಣ್ಣೆಯ ಪಂಪೂ ನಿಲ್ಲುತ್ತದೆ. ಕೆಂಪಗೆ ಕಾದ ಟರ್ಬೊದ ಬಿಸಿ, ಅಲ್ಲೇ ನಿಂತ ಎಣ್ಣೆಯನ್ನು ಸುಟ್ಟು ಗಟ್ಟಿ ಮಾಡುತ್ತದೆ. ಸಾಧಾರಣ ಪವರಿನಲ್ಲಿ ಈ ಅಭ್ಯಾಸ ವರ್ಷಗಟ್ಟಲೆ ನಡೆದುಹೋಗಬಹುದು. ಡೀಸೆಲ್ ಹೆಚ್ಚಿಸಿದಾಗ ಹೊಗೆಯ ಬಿಸಿಯೂ ಏರುತ್ತದೆ, ಕರಕಲು ಬೇಗ ಬೆಳೆಯುತ್ತದೆ. ಅದರ ಮೇಲೆ ನಮ್ಮೂರಿನ ಮೇ ತಿಂಗಳು. ಒತ್ತಡ ಅಷ್ಟೇ ಇದ್ದರೂ, ಡಿಸೆಂಬರ್ ಬೆಳಗಿನ 16 ಡಿಗ್ರಿಯ ಗಾಳಿಗಿಂತ 43 ಡಿಗ್ರಿಯ ಗಾಳಿ ನೂರಕ್ಕೆ ಎಂಟು ಪಾಲಿಗೂ ಹೆಚ್ಚು ತೆಳು. ಚಳಿಯಲ್ಲಿ ಸರಿಹೊಂದಿಸಿದ ಪವರನ್ನೇ ಬಿಸಿಲಿನಲ್ಲೂ ಕೇಳಿದರೆ ಟರ್ಬೊ ಇನ್ನಷ್ಟು ವೇಗವಾಗಿ ತಿರುಗಬೇಕು.

ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಬಾರದೆಂದು ಗಾಳಿಯ ದಾರಿಯನ್ನೂ ಪೂರ್ತಿ ಬಿಚ್ಚಿದೆ. ಫಿಲ್ಟರಿನ ಮಡಿಕೆಗಳಲ್ಲಿ ಕಲ್ಲುಪುಡಿ, ಸಿಮೆಂಟ್ ಧೂಳು. ಫಿಲ್ಟರ್ ಕಟ್ಟಿಕೊಂಡರೆ ಟರ್ಬೊ ಉಸಿರಿಗಾಗಿ ಹೆಣಗುತ್ತದೆ, ತನ್ನದೇ ಸೀಲಿನೊಳಗಿಂದ ಎಣ್ಣೆಯನ್ನೂ ಹೀರಿಕೊಳ್ಳುತ್ತದೆ. ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರೆಕ್ಕೆಗಳ ನಡುವೆ ಮಣ್ಣು ಇಟ್ಟಿಗೆಯಂತೆ ಕೂತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಇಂಟರ್‌ಕೂಲರಿನ ರಬ್ಬರ್ ಪೈಪ್. ಕ್ಲಾಂಪಿನ ಹಿಂದೆ, ಕಣ್ಣಿಗೆ ಕಾಣದ ಕಡೆ, ಎರಡು ಬೆರಳಗಲ ಸೀಳಿತ್ತು. ಎಂಜಿನ್ ನಿಂತಾಗ ಅದು ಮುಚ್ಚಿಕೊಂಡಿರುತ್ತದೆ, ಒತ್ತಡ ಬಂದಾಗ ಬಾಯಿ ತೆರೆಯುತ್ತದೆ. ಇಸಿಯು ಇಂತಿಷ್ಟು ಒತ್ತಡ ಬೇಕೆಂದು ಕೇಳುತ್ತದೆ, ಗಾಳಿ ಸೀಳಿನಿಂದ ಸೋರುತ್ತದೆ, ಲೆಕ್ಕ ತುಂಬಿಸಲು ಟರ್ಬೊ ತನ್ನ ಮಿತಿ ಮೀರಿ ತಿರುಗುತ್ತದೆ. ಎಣ್ಣೆ ಅರ್ಧ ಹೊಟ್ಟೆ, ಓಟ ಎರಡರಷ್ಟು. ಹೇಗೆ ಬದುಕೀತು?

ನಾಲ್ಕನೆಯ ಟರ್ಬೊದ ಹಣವನ್ನು ಅವನಿಂದ ಕೇಳಲಿಲ್ಲ. ಎಣ್ಣೆಯ ಕೊಳವೆ, ಬೋಲ್ಟ್, ಎಣ್ಣೆ ಹಿಂದಿರುಗುವ ಪೈಪ್ ಎಲ್ಲವೂ ಹೊಸವು. ಜೋಡಣೆಗೆ ಸಿಲಿಕೋನ್ ಪೇಸ್ಟ್ ಮುಟ್ಟಿಸಲಿಲ್ಲ, ಅದರ ಒಂದು ಚೂರು ಕಿತ್ತು ಒಳಗೆ ಹೋದರೂ ಎಣ್ಣೆಯ ದಾರಿ ಕಟ್ಟುತ್ತದೆ. ಕೂರಿಸುವ ಮೊದಲು ಟರ್ಬೊದ ಎಣ್ಣೆ ತೂತಿಗೆ ಸಿರಿಂಜಿನಿಂದ ಹೊಸ ಎಣ್ಣೆ ತುಂಬಿ ಕೈಯಿಂದ ಚಕ್ರ ತಿರುಗಿಸಿದೆ. ಆಮೇಲೆ ಎಂಜಿನ್ ಹೊತ್ತಿಕೊಳ್ಳದಂತೆ ಮಾಡಿ ಸೆಲ್ಫ್ ಹೊಡೆಸಿದೆ. ಹಿಂದಿರುಗುವ ಪೈಪಿನ ತುದಿಗೆ ಡಬ್ಬ ಹಿಡಿದಿದ್ದ ನಮ್ಮ ಹುಡುಗ "ಬಂತು ಅಣ್ಣಾ, ಧಾರೆ ಬಂತು" ಎಂದು ಕೂಗಿದ ಮೇಲೆಯೇ ಸ್ಟಾರ್ಟ್ ಮಾಡಿದ್ದು.

ಇಂಟರ್‌ಕೂಲರಿನ ಒಳಗೆ ಸೇರಿದ್ದ ಹಳೆಯ ಎಣ್ಣೆಯನ್ನು ಅದಕ್ಕೂ ಮೊದಲೇ ತೊಳೆದು ತೆಗೆದಿದ್ದೆವು. ಇದನ್ನು ಮರೆತರೆ ಪ್ರಾಣಕ್ಕೇ ಅಪಾಯ. ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಕುಡಿದು ಓಡತೊಡಗಿದರೆ ಕೀಲಿ ತೆಗೆದರೂ ನಿಲ್ಲುವುದಿಲ್ಲ. ಹಾಗಾದಾಗ ಬಾನೆಟ್ ಹತ್ತಿರ ಯಾರೂ ಹೋಗಬಾರದು. ಬ್ರೇಕನ್ನು ಪೂರ್ತಿ ತುಳಿದು, ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ನನ್ನು ಉಸಿರು ಕಟ್ಟಿಸಬೇಕು.

ರೀಮ್ಯಾಪ್ ವಿಷಯವನ್ನು ಅವನ ಜೊತೆ ಕೂತು ಮಾತನಾಡಿದೆ. "ತಮ್ಮಾ, ಕಂಪನಿಯವರು ಇಟ್ಟ ಮಿಗಿಲು ನಿನಗೆ ಬಳಸಲೆಂದು ಇಟ್ಟದ್ದಲ್ಲ. ಕಟ್ಟಿದ ಫಿಲ್ಟರಿಗೆ, ತಡವಾದ ಎಣ್ಣೆಗೆ, ಈ ಬಿಸಿಲಿಗೆ ಅಂತ ಇಟ್ಟದ್ದು. ನೀನು ಅದನ್ನೆಲ್ಲ ಮೊದಲೇ ಖರ್ಚು ಮಾಡಿದ್ದೀಯ" ಎಂದೆ. ವಾರಂಟಿ ಹೋಗುವುದನ್ನೂ, ನೋಂದಣಿ ಪತ್ರದ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ತಡೆಯುತ್ತದೆ ಎನ್ನುವುದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೋಲ್ಟನ್ನು ತಾನೇ ಬೆಳಕಿಗೆ ಹಿಡಿದು ನೋಡಿದ. ಮರುವಾರ ಕಂಪನಿಯ ಲೆಕ್ಕವನ್ನೇ ಮತ್ತೆ ಹಾಕಿಸಿಕೊಂಡು ಬಂದ.

ನಾಲ್ಕನೆಯ ಟರ್ಬೊ ಹಾಕಿದ ಮೇಲೆ ಗಾಡಿ ಈಗ ಹದಿನಾಲ್ಕು ಸಾವಿರ ಕಿಲೋಮೀಟರ್ ದಾಟಿದೆ. ಎಣ್ಣೆಯನ್ನು ಐದು ಸಾವಿರಕ್ಕೊಮ್ಮೆ ಬದಲಿಸುತ್ತೇವೆ. ನಮ್ಮ ಅಂಗಳಕ್ಕೆ ಬಂದರೆ ಅವನು ಎಂಜಿನ್ನನ್ನು ಎರಡು ನಿಮಿಷ ನಿಧಾನವಾಗಿ ಓಡಲು ಬಿಟ್ಟು, ಆಮೇಲೆ ಕೀಲಿ ತಿರುಗಿಸಿ ಇಳಿಯುತ್ತಾನೆ. ಭಾನುವಾರ ಮತ್ತೆ ಬರುತ್ತಾನೆ, ಇಂಟರ್‌ಕೂಲರ್ ತೊಳೆಯುವುದಿದೆ.