ಆ ನೀಲಿ ಕಣ್ಣು ಕೆಲಸ ಮಾಡುತ್ತಾ ಅಂತ ಕೇಳುವವರಿಗೆ

ನಮ್ಮ ಮನೆ ಬಾಗಿಲ ಮೇಲೆ ನೀಲಿ ಗಾಜಿನ ಒಂದು ಬಿಲ್ಲೆ ತೂಗುತ್ತದೆ. ಗಾಢ ನೀಲಿಯೊಳಗೆ ಬಿಳಿ, ಬಿಳಿಯೊಳಗೆ ತಿಳಿ ನೀಲಿ, ನಡುವೆ ಕಪ್ಪು ಚುಕ್ಕೆ. ಟರ್ಕಿಯವರು ಇದಕ್ಕೆ ನಜರ್ ಬೊಂಜೂ ಅನ್ನುತ್ತಾರೆ, ಅಂದರೆ ದೃಷ್ಟಿಮಣಿ. ಗಂಡನ ಕೆಲಸದ ಕಾರಣಕ್ಕೆ ನಾವು ಕೆಲವು ವರ್ಷ ಇಜ್ಮಿರ್‌ನಲ್ಲಿದ್ದೆವು, ಅಲ್ಲಿಂದ ಬರುವಾಗ ತಂದದ್ದು. ಮನೆಗೆ ಬಂದವರು ಚಪ್ಪಲಿ ಬಿಡುತ್ತಾ ತಲೆ ಎತ್ತಿ ಕೇಳುವುದು ಒಂದೇ: "ಇದು ನಿಜಕ್ಕೂ ಕೆಲಸ ಮಾಡುತ್ತಾ? ಅಲ್ಲಿಯವರು ನಿಜಕ್ಕೂ ಇದನ್ನೆಲ್ಲ ನಂಬ್ತಾರಾ?"

ಹೇಳಿ ಹೇಳಿ ಸಾಕಾಗಿದೆ. ನಾನು ಉತ್ತರ ಶುರು ಮಾಡುವಷ್ಟರಲ್ಲಿ ಕೇಳಿದವರು ಸೋಫಾದಲ್ಲಿ ಕೂತು ಮಳೆ ಬಗ್ಗೆ ಮಾತಾಡುತ್ತಿರುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಚಿಕ್ಕ ಉತ್ತರ. ಹೌದು, ನಂಬುತ್ತಾರೆ. ಎಲ್ಲರೂ ಅಲ್ಲ, ಎಲ್ಲರೂ ಒಂದೇ ತರ ಅಲ್ಲ. ಗಾಜು ಕಾಯಿಲೆ ತಡೆಯುತ್ತಾ ಅಂತ ಕೇಳಿದರೆ, ಇಲ್ಲ. ಅದಕ್ಕೆ ಆ ಶಕ್ತಿ ಇದೆ ಅಂತ ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಮಗುವಿಗೆ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಬೇಕು. ಇಜ್ಮಿರ್‌ನಲ್ಲಿ ನಮ್ಮ ಪಕ್ಕದ ಮನೆಯವರೂ ಹೋಗುತ್ತಿದ್ದರು, ಮಗುವಿನ ಅಂಗಿಗೆ ಮಣಿ ಚುಚ್ಚಿಕೊಂಡೇ ಹೋಗುತ್ತಿದ್ದರು. ಅವರಿಗೆ ಅದರಲ್ಲಿ ಯಾವ ಗೊಂದಲವೂ ಇರಲಿಲ್ಲ.

ನನಗೆ ಸಿಟ್ಟು ಬರುವುದು ಆ "ನಿಜಕ್ಕೂ" ಕೇಳಿದಾಗ. ಒಮ್ಮೆ ನನ್ನ ಗಂಡನ ಸ್ನೇಹಿತರೊಬ್ಬರು ಊಟಕ್ಕೆ ಬಂದಿದ್ದರು. "ಟರ್ಕಿ ಎಷ್ಟು ಮುಂದುವರಿದ ದೇಶ ಮೇಡಂ, ಅಲ್ಲೂ ಇಂಥದ್ದೆಲ್ಲ ಇದೆಯಾ?" ಎಂದು ಎರಡು ಸಲ ಕೇಳಿದರು. ಅವರ ಕಾರಿನ ಮುಂದೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿತ್ತು. ನಾನು ಅದರ ಕಡೆ ಬೊಟ್ಟು ಮಾಡಲಿಲ್ಲ. ಮಾಡಿದ್ದರೆ ಅವರ ಬಾಯಿ ಮುಚ್ಚಿಸಿದಂತಾಗುತ್ತಿತ್ತು, ಅಷ್ಟೇ. ಹೊರಡುವಾಗ ಅವರೇ, "ಅಲ್ಲಿಂದ ಯಾರಾದರೂ ಬರುವವರಿದ್ದರೆ ನಮ್ಮ ಹೊಸ ಮನೆಗೂ ಒಂದು ಹೇಳಿ" ಎಂದರು. ನನಗೆ ಅದು ತಪ್ಪು ಅನ್ನಿಸಲಿಲ್ಲ. ಮನುಷ್ಯರು ಎಲ್ಲ ಕಡೆ ಹೀಗೇ. ತಲೆ ಒಪ್ಪದಿದ್ದರೂ ಹೊಸ ಮನೆ ಅಂದಾಗ ಎದೆಗೆ ಏನೋ ಒಂದು ಭರವಸೆ ಬೇಕಾಗುತ್ತದೆ. ಟರ್ಕಿಯವರನ್ನು ಮಾತ್ರ "ಇನ್ನೂ ನಂಬ್ತಾರಾ" ಎಂದು ಕೇಳುವುದು ಯಾಕೆ?

ಅವರು ಯೋಚನೆ ಮಾಡದೆ ನಂಬುತ್ತಾರೆ ಎಂಬ ಊಹೆಯೂ ಸರಿಯಲ್ಲ. ಈ ವಿಷಯದಲ್ಲಿ ಅವರಷ್ಟು ಜಗಳ ಆಡಿಕೊಂಡವರು ಕಡಿಮೆ. ಗಣರಾಜ್ಯ ಬಂದು ಎರಡೇ ವರ್ಷಕ್ಕೆ, 1925ರ ನವೆಂಬರ್ 30ರಂದು, ಅಂಕಾರಾದ ಸಂಸತ್ತು ಒಂದು ಕಾನೂನು ಮಾಡಿತು. ಸೂಫಿ ಮಠಗಳನ್ನು ಮುಚ್ಚಿತು. ಭವಿಷ್ಯ ಹೇಳುವುದು, ಮಾಟ ಮಾಡುವುದು, ಮಂತ್ರ ಊದಿ ಕಾಯಿಲೆ ವಾಸಿ ಮಾಡುತ್ತೇವೆ ಅನ್ನುವುದು, ತಾಯಿತ ಬರೆದುಕೊಡುವುದು, ಎಲ್ಲವನ್ನೂ ನಿಷೇಧಿಸಿತು. ಆ ತಾಯಿತಕ್ಕೆ ಅವರು ಮುಸ್ಕಾ ಅನ್ನುತ್ತಾರೆ. ಕಾಗದದ ಮೇಲೆ ಪ್ರಾರ್ಥನೆ ಬರೆದು, ತ್ರಿಕೋನವಾಗಿ ಮಡಿಸಿ, ಬಟ್ಟೆಯಲ್ಲೋ ಚರ್ಮದಲ್ಲೋ ಹೊಲಿದು ಕೊರಳಿಗೆ ಹಾಕುತ್ತಾರೆ. ಕಾನೂನು ಇಂದಿಗೂ ಇದೆ, ಮುಸ್ಕಾ ಕೂಡ ಹೋಗಿಲ್ಲ.

ಇನ್ನೊಂದು ಕಡೆಯಿಂದ ಧರ್ಮದ ಆಕ್ಷೇಪ. ಕಣ್ಣು ತಾಗುವುದು ನಿಜ ಎಂದು ಇಸ್ಲಾಂ ಪರಂಪರೆ ಒಪ್ಪುತ್ತದೆ. ಕುರಾನಿನ 113ನೇ ಅಧ್ಯಾಯದಲ್ಲೇ ಹೊಟ್ಟೆಕಿಚ್ಚುಪಡುವವನ ಕೇಡಿನಿಂದ ಕಾಪಾಡು ಎಂಬ ಪ್ರಾರ್ಥನೆ ಇದೆ. ಆದರೆ ಕಾಪಾಡುವುದು ದೇವರು, ಗಾಜಲ್ಲ. ಸರ್ಕಾರದ ಧಾರ್ಮಿಕ ಇಲಾಖೆ ದಿಯಾನೆತ್ ಇದನ್ನೇ ಹೇಳುತ್ತದೆ. ನಜರ್ ಮಣಿ ಧರಿಸುವುದು ಸಲ್ಲದು ಎಂಬ ಅದರ ಮಾತು 2021ರ ಜನವರಿಯಲ್ಲಿ ದೊಡ್ಡ ಸುದ್ದಿಯಾಗಿತ್ತು. ನಮ್ಮ ಮೇಲಿನ ಮನೆಯಲ್ಲಿದ್ದ ಹೆಂಗಸು ಐದು ಹೊತ್ತು ನಮಾಜ್ ಮಾಡುವವರು, ಮನೆಯಲ್ಲಿ ಒಂದು ಮಣಿಯೂ ಇಟ್ಟಿರಲಿಲ್ಲ. ಎದುರು ಮನೆಯ ಟೀಚರ್ ಮಸೀದಿಗೆ ಹೋದವರೇ ಅಲ್ಲ, ಅವರ ಬಾಲ್ಕನಿ ತುಂಬ ನೀಲಿ ಕಣ್ಣು. ಇವರಿಬ್ಬರೂ ಯಾವ ಮಗುವನ್ನು ನೋಡಿದರೂ ಬಾಯಿಂದ ಮೊದಲು ಬರುತ್ತಿದ್ದದ್ದು ಒಂದೇ ಮಾತು: ಮಾಶಲ್ಲಾ, ಅಂದರೆ ದೇವರು ಬಯಸಿದ್ದು.

ಇದನ್ನು ಹೇಳಬೇಕೆಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಮ್ಮ ಪಕ್ಕದ ಮನೆಯ ಹಿರಿಯ ಹೆಂಗಸನ್ನು ನಾವು ತೇಯ್ಜೆ ಎಂದು ಕರೆಯುತ್ತಿದ್ದೆವು, ನಮ್ಮಲ್ಲಿ ಚಿಕ್ಕಮ್ಮ ಅನ್ನುವ ಹಾಗೆ. ಅವರಿಗೆ ಮೊಮ್ಮಗ ಹುಟ್ಟಿದ. ನಲವತ್ತು ದಿನ ಕಳೆದ ಮೇಲೆ ಹೆಂಗಸರೆಲ್ಲ ನೋಡಲು ಹೋದೆವು. ಮಗುವಿನ ಭುಜದ ಮೇಲೆ ಕೆಂಪು ರಿಬ್ಬನ್ನು, ಅದಕ್ಕೆ ಒಂದು ಪುಟ್ಟ ಚಿನ್ನದ ನಾಣ್ಯ, ಪಕ್ಕದಲ್ಲಿ ನೀಲಿ ಮಣಿ. ನೆಂಟರ ಕಡೆಯ ಹುಡುಗಿಯೊಬ್ಬಳು ಬಗ್ಗಿ ನೋಡಿ, "ಅಯ್ಯೋ, ಎಷ್ಟು ಚೆಂದ! ಎಷ್ಟು ದುಂಡುದುಂಡಗಿದ್ದಾನೆ!" ಎಂದಳು. ಅಲ್ಲಿಗೇ ನಿಲ್ಲಿಸಿದಳು. ಟೀ ಬಗ್ಗಿಸುತ್ತಿದ್ದ ತೇಯ್ಜೆ ಕೈ ನಿಂತುಬಿಟ್ಟಿತು. "ಮಾಶಲ್ಲಾ ಅನ್ನು ಮಗಳೇ" ಎಂದರು. ಹುಡುಗಿ ತಕ್ಷಣ ಅಂದಳು. ಯಾರೋ ತು ತು ತು ಎಂದು ಉಗಿದಂತೆ ಮಾಡಿದರು. ಇನ್ನೊಬ್ಬರು ಕಿವಿಯ ತುದಿ ಎಳೆದುಕೊಂಡು ಮೇಜಿನ ಮರ ಕುಟ್ಟಿದರು. ಮತ್ತೆ ಟೀ ಬಂತು, ಮಾತು ಮುಂದುವರಿಯಿತು.

ಆ ಹುಡುಗಿಯನ್ನು ಯಾರೂ ಕೆಟ್ಟವಳು ಅಂದುಕೊಳ್ಳಲಿಲ್ಲ. ಅವಳಿಗೆ ಮಗು ಅಂದರೆ ಪ್ರಾಣ. ಆದರೆ ಅವರ ನಂಬಿಕೆಯಲ್ಲಿ ಕಣ್ಣು ತಾಗಲು ಹೊಟ್ಟೆಕಿಚ್ಚೇ ಇರಬೇಕು ಅಂತಿಲ್ಲ. ತುಂಬು ಪ್ರೀತಿಯಿಂದ ನೋಡಿದರೂ ತಾಗಬಹುದು, ಹೆತ್ತ ತಾಯಿಯದ್ದೂ ತಾಗಬಹುದು. ಅದಕ್ಕೇ ಮೆಚ್ಚುಗೆಯನ್ನು ಬರಿದೇ ಬಿಡಬಾರದು, ಅದರ ಜೊತೆ ಮಾಶಲ್ಲಾ ಇರಬೇಕು. ಇದು ದೇವರು ಬಯಸಿ ಕೊಟ್ಟದ್ದು ಎಂದು ಒಪ್ಪಿಕೊಳ್ಳಬೇಕು. ತುಂಬಾ ಸಂತೋಷ ಆದರೆ ನಲವತ್ತೊಂದು ಸಲ ಮಾಶಲ್ಲಾ ಅನ್ನುತ್ತಾರೆ. ಲಾರಿಗಳ ಮೇಲೆ ಬರೆಸುತ್ತಾರೆ. ಸುನ್ನತಿಯ ದಿನ ರಾಜಕುಮಾರನ ಹಾಗೆ ಅಲಂಕಾರ ಮಾಡಿದ ಹುಡುಗನ ಎದೆಗೆ ಅಡ್ಡವಾಗಿ ಹಾಕುವ ಪಟ್ಟಿಯ ಮೇಲೂ ಇದೇ ಬರೆದಿರುತ್ತದೆ.

ಹಾಗಾಗಿ ನನ್ನನ್ನು ಕೇಳುವುದಾದರೆ ಹೀಗೆ ಕೇಳಿ: ಆ ಮಣಿ ಇರುವುದು ಯಾರಿಗೆ? ತೊಟ್ಟವರಿಗಾ, ನೋಡುವವರಿಗಾ?

ನೋಡುವವರಿಗೆ. ಇಲ್ಲದಿದ್ದರೆ ಅದನ್ನು ಅಂಗಿಯ ಒಳಗೆ ಬಚ್ಚಿಡುತ್ತಿದ್ದರು. ಮಗುವಿನ ಭುಜದ ಮೇಲೆ, ಬಾಗಿಲ ಹೊರಗೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ, ಎಲ್ಲರ ಕಣ್ಣಿಗೆ ಮೊದಲು ಬೀಳುವಲ್ಲೇ ಇಡುತ್ತಾರೆ. ಮೊದಲ ನೋಟ ಮಣಿಯ ಮೇಲೆ ಬೀಳಲಿ, ಮಗುವಿನ ಮೇಲೆ ಬೇಡ ಎಂಬ ಲೆಕ್ಕ. ಅದನ್ನು ಕಂಡೊಡನೆ ನೋಡಿದವರಿಗೆ ಮಾಶಲ್ಲಾ ನೆನಪಾಗುತ್ತದೆ. ಮಣಿ ಬಿರುಕು ಬಿಟ್ಟರೆ ಬೇಸರ ಇಲ್ಲ, ಯಾರದೋ ಕಣ್ಣನ್ನು ಅದು ತಾನು ತೆಗೆದುಕೊಂಡಿತು ಎಂದು ಹೊಸದು ಕಟ್ಟುತ್ತಾರೆ. ನಮ್ಮಲ್ಲೂ ಅಜ್ಜಿಯರು ಮಗುವಿನ ಕೆನ್ನೆ ನಿವಾಳಿಸಿ ನೆಟಿಕೆ ಮುರಿಯುತ್ತಾರಲ್ಲ, ಮೆಚ್ಚಿದವರೇ ದೃಷ್ಟಿಯನ್ನೂ ತೆಗೆಯುತ್ತಾರೆ. ಮಗುವಿನ ಕೆನ್ನೆಗೆ ಇಡುವ ಕಾಡಿಗೆಯ ಬೊಟ್ಟೂ ನೋಡುವವರಿಗೇ. ಟರ್ಕಿಯಲ್ಲಿ ಈ ಜವಾಬ್ದಾರಿ ಅಜ್ಜಿಯರದ್ದು ಮಾತ್ರ ಅಲ್ಲ, ಬಂದ ಪ್ರತಿಯೊಬ್ಬರದ್ದೂ. ಕೊರಿಯರ್ ಕೊಡಲು ಬಂದ ಹುಡುಗನೂ ತೊಟ್ಟಿಲು ಕಂಡರೆ ಮಾಶಲ್ಲಾ ಅಂದೇ ಹೋಗುತ್ತಿದ್ದ.

ಇದು ಇಂದಿನದ್ದಲ್ಲ. ದೇಶದ ದಕ್ಷಿಣದ ತುದಿಯಲ್ಲಿ ಅಂತಾಕ್ಯ ಎಂಬ ಊರಿದೆ, ಹಳೆಯ ಅಂತಿಯೋಕ್. 2023ರ ಫೆಬ್ರವರಿ 6ರ ಭೂಕಂಪದಲ್ಲಿ ನೆಲಸಮವಾದ ಊರುಗಳಲ್ಲಿ ಅದೂ ಒಂದು. ಅಲ್ಲಿನ ಹತಾಯ್ ಪುರಾತತ್ವ ಸಂಗ್ರಹಾಲಯದಲ್ಲಿ ಸುಮಾರು ಎರಡನೇ ಶತಮಾನದ ರೋಮನ್ ಮನೆಯೊಂದರ ನೆಲದ ಮೊಸಾಯಿಕ್ ಇದೆ. ನಡುವೆ ಒಂದು ದೊಡ್ಡ ಕಣ್ಣು. ಅದರ ಮೇಲೆ ಎಲ್ಲವೂ ಮುಗಿಬಿದ್ದಿವೆ. ತ್ರಿಶೂಲ ಚುಚ್ಚಿದೆ, ಕತ್ತಿ ಚುಚ್ಚಿದೆ. ಕಾಗೆ, ಹಾವು, ಚೇಳು, ಜರಿ, ನಾಯಿ, ಚಿರತೆಯಂಥ ಪ್ರಾಣಿ ಎಲ್ಲವೂ ಕಣ್ಣಿನ ಮೇಲೆ ಎಗರಿವೆ. ಪಕ್ಕದಲ್ಲಿ ಕೊಂಬಿರುವ ಕುಳ್ಳನೊಬ್ಬ. ಮೇಲೆ ಗ್ರೀಕಿನಲ್ಲಿ ಬರೆದಿದೆ: "ನಿನಗೂ." ಮನೆಗೆ ಬಂದವರನ್ನೇ ನೋಡಿ ಹೇಳಿದ ಮಾತು ಅದು. ಒಳ್ಳೆಯ ಮನಸ್ಸಿನಿಂದ ಬಂದರೆ ನಿನಗೂ ಒಳ್ಳೆಯದು, ಇಲ್ಲದಿದ್ದರೆ ಈ ಕಣ್ಣಿಗೆ ಆದದ್ದೇ ನಿನಗೂ. ಯಾವ ಧರ್ಮದವರು ಬಂದರೂ ಹೋದರೂ ಆ ನೆಲದಲ್ಲಿ ಈ ನಂಬಿಕೆ ಉಳಿದುಕೊಂಡಿದೆ. ನನಗೆ ಅದು ದೊಡ್ಡ ಬೆರಗು.

ಎಲ್ಲವೂ ಚೆಂದ ಅಂತ ನಾನು ಹೇಳುತ್ತಿಲ್ಲ. ತಿಳಿ ಬಣ್ಣದ ಕಣ್ಣಿನವರ ನೋಟ ಜಾಸ್ತಿ ತಾಗುತ್ತದೆ ಎಂಬ ಮಾತು ಅಲ್ಲಿ ಗಟ್ಟಿಯಾಗಿದೆ. ನೀಲಿ ಕಣ್ಣಿನ ಗೆಳತಿಯೊಬ್ಬಳು ಚಿಕ್ಕಂದಿನಿಂದ ಇದನ್ನು ಕೇಳಿಸಿಕೊಂಡು ಬೆಳೆದವಳು, ಹೊಸ ಮಗುವಿನ ಮನೆಯಲ್ಲಿ ಹಿಂದೆ ನಿಂತೇ ನೋಡುತ್ತಿದ್ದಳು. ಮಕ್ಕಳಿಲ್ಲದವರನ್ನು ತೊಟ್ಟಿಲ ಹತ್ತಿರ ಬಿಡದ ಮನೆಗಳನ್ನು ನಾನು ನಮ್ಮ ಊರಿನಲ್ಲೇ ಕಂಡಿದ್ದೇನೆ. ನೋಡುವ ಎಲ್ಲರಿಗೂ ಇರುವ ಎಚ್ಚರಿಕೆಯನ್ನು ಒಬ್ಬರ ತಲೆಗೆ ಕಟ್ಟಿದರೆ ಅದು ಕ್ರೌರ್ಯ. ಅದನ್ನು ನಂಬಿಕೆ ಎಂದು ಕರೆಯಲು ನಾನು ತಯಾರಿಲ್ಲ.

ದೃಷ್ಟಿ ತೆಗೆಯಲು ಸೀಸ ಕರಗಿಸುವುದರ ಬಗ್ಗೆಯೂ ಕೇಳುತ್ತಾರೆ. ಕುರ್ಷುನ್ ದೊಕ್ಮೆ ಅಂತ ಅದಕ್ಕೆ. ಯಾರಿಗಾದರೂ ಸುಮ್ಮಸುಮ್ಮನೆ ಸುಸ್ತು, ತಲೆನೋವು, ಬಿಟ್ಟೂಬಿಡದೆ ಆಕಳಿಕೆ ಇದ್ದರೆ ಮಾಡಿಸುತ್ತಾರೆ. ನೋಡಿದ್ದೇನೆ. ಅವರನ್ನು ಕೂರಿಸಿ ಮೇಲೆ ಬಟ್ಟೆ ಹೊದಿಸುತ್ತಾರೆ. ತಲೆಯ ಮೇಲೆ ನೀರಿನ ಪಾತ್ರೆ ಹಿಡಿದು, ಕರಗಿದ ಸೀಸವನ್ನು ಅದಕ್ಕೆ ಸುರಿಯುತ್ತಾರೆ. ಚುರ್ ಎಂದು ಸದ್ದಾಗಿ ಸೀಸ ಮುದ್ದೆಯಾಗುತ್ತದೆ. ಮುಳ್ಳುಮುಳ್ಳಾಗಿದ್ದರೆ, ಕಣ್ಣಿನಂಥ ತೂತು ಇದ್ದರೆ ನಜರ್ ಆಗಿತ್ತು ಅನ್ನುತ್ತಾರೆ. ಹೊಕ್ಕುಳ ಹತ್ತಿರ, ಪಾದದ ಹತ್ತಿರ ಮತ್ತೆ ಸುರಿಯುತ್ತಾರೆ. ಇದನ್ನು ಯಾರು ಬೇಕಾದರೂ ಮಾಡುವ ಹಾಗಿಲ್ಲ, ಹಿರಿಯಳೊಬ್ಬಳಿಂದ ಕೈ ಪಡೆದಿರಬೇಕು, ಅಂದರೆ ಅಪ್ಪಣೆ. ಪ್ರಾರ್ಥನೆ ಹೇಳುವಾಗ ಅವಳಿಗೇ ಆಕಳಿಕೆ ಬಂದು ಕಣ್ಣಲ್ಲಿ ನೀರು ಬಂದರೆ, ದೃಷ್ಟಿ ಜೋರಾಗಿತ್ತು ಅಂತ ಅರ್ಥ. ನಾನು ನೋಡಿದ ಸೊಸೆ ಆ ಬಟ್ಟೆಯ ಕೆಳಗಿಂದ ಎದ್ದಾಗ ನಗುತ್ತಿದ್ದಳು. ಐದಾರು ಹೆಂಗಸರು ಒಂದು ಮಧ್ಯಾಹ್ನ ಪೂರ್ತಿ ಅವಳ ಸುಸ್ತಿನ ಬಗ್ಗೆಯೇ ಯೋಚಿಸಿದ್ದರಲ್ಲ. ಆದರೆ ದಯವಿಟ್ಟು ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ. ಸೀಸದ ಹೊಗೆ ವಿಷ, ಮಕ್ಕಳಿಗೆ, ಬಸುರಿಯರಿಗೆ ಇನ್ನೂ ಅಪಾಯ. ಹೊಗೆ ಬೇಕೇ ಬೇಕು ಅನ್ನುವವರು ಅಲ್ಲಿ ಉಜೆರ್ಲಿಕ್ ಎಂಬ ಗಿಡದ ಬೀಜವನ್ನು ಕೆಂಡಕ್ಕೆ ಹಾಕುತ್ತಾರೆ. ಅದು ಚಟಪಟ ಅನ್ನುತ್ತದೆ. ಮೆಣಸಿನಕಾಯಿ ಸುಟ್ಟು ಘಾಟು ನೋಡುವ ನಮ್ಮವರಿಗೆ ವಿವರಿಸಬೇಕಿಲ್ಲ.

ಇನ್ನು "ನನಗೂ ಒಂದು ತರಿಸಿಕೊಡಿ" ಎನ್ನುವವರಿಗೆ. 2018ರಲ್ಲಿ ಈ ಮಣಿ ಎಮೋಜಿ ಪಟ್ಟಿಗೂ ಸೇರಿತು. ಈಗ ಎಲ್ಲ ಊರಿನ ಫ್ಯಾನ್ಸಿ ಸ್ಟೋರ್‌ಗಳಲ್ಲೂ ಪ್ಲಾಸ್ಟಿಕ್ಕಿನದು ಸಿಗುತ್ತದೆ. ನಿಜವಾದದ್ದು ಬೆಂಕಿಯಿಂದ ಬರುತ್ತದೆ. ಇಜ್ಮಿರ್ ಸುತ್ತ ಗೊರೆಜೆ ಮತ್ತು ಕೆಮಾಲ್‌ಪಾಶಾ ಹತ್ತಿರದ ಕುರುದೆರೆ ಎಂಬ ಹಳ್ಳಿಗಳಲ್ಲಿ ಇದನ್ನು ಮಾಡುತ್ತಾರೆ. ಕುರುದೆರೆಯ ಹೆಸರೇ ಈಗ ನಜರ್‌ಕೊಯ್, ದೃಷ್ಟಿಯ ಹಳ್ಳಿ. ಮಣ್ಣಿನ ಗುಮ್ಮಟದಂಥ ಕುಲುಮೆ, ಅದಕ್ಕೆ ಪೈನ್ ಮರದ ಸೌದೆ. ಕುಲುಮೆಯ ಸುತ್ತ ಕಿಂಡಿಗಳು, ಒಂದೊಂದು ಕಿಂಡಿಗೆ ಒಬ್ಬೊಬ್ಬ ಉಸ್ತಾದ್. ಒಂದು ಕಬ್ಬಿಣದ ಕಡ್ಡಿಗೆ ಕರಗಿದ ಕಡು ನೀಲಿ ಗಾಜನ್ನು ಸುತ್ತಿ ಚಪ್ಪಟೆ ಮಾಡುತ್ತಾರೆ. ಇನ್ನೊಂದು ಕಡ್ಡಿಯಿಂದ ಬಿಳಿ ಹನಿ, ಅದರ ಮೇಲೆ ತಿಳಿ ನೀಲಿ, ಕೊನೆಗೆ ಕಪ್ಪು ಚುಕ್ಕೆ. ಕಡು ನೀಲಿ ಬರುವುದು ಕೋಬಾಲ್ಟಿನಿಂದ. ಆಮೇಲೆ ನಿಧಾನವಾಗಿ ಆರಲು ಬಿಡಬೇಕು, ಅವಸರ ಮಾಡಿದರೆ ಅಲ್ಲೇ ಒಡೆಯುತ್ತದೆ. ಬೇಸಿಗೆಯಲ್ಲಿ ಆ ಕಿಂಡಿಯ ಮುಂದೆ ಎರಡು ನಿಮಿಷ ನಿಲ್ಲಲು ನನಗಾಗಲಿಲ್ಲ. ಉಸ್ತಾದ್ ದಿನವಿಡೀ ಕೂತಿದ್ದರು. ಮಗ ಈ ಕೆಲಸಕ್ಕೆ ಬರುತ್ತಾನಾ ಎಂದು ಕೇಳಿದೆ. ಇಲ್ಲ ಎಂದರು, ಮುಂದಿನ ಮಣಿಗೆ ಕೈ ಹಾಕಿದರು.

ಯಾರಾದರೂ ಆ ಕಡೆ ಹೋದರೆ ಕುಲುಮೆ ಉರಿಯುವ ಹೊತ್ತಿಗೆ ಹಳ್ಳಿಗೇ ಹೋಗಿ ಕೊಳ್ಳಿ. ಕೈಯಲ್ಲಿ ಭಾರ ಇರಬೇಕು. ಗಾಜಿನೊಳಗೆ ಸಣ್ಣ ಗುಳ್ಳೆ ಕಂಡರೆ, ಕಪ್ಪು ಚುಕ್ಕೆ ಸರಿಯಾಗಿ ನಡುವೆ ಇಲ್ಲದಿದ್ದರೆ ಬಿಡಬೇಡಿ, ಅದೇ ಕೈಯಲ್ಲಿ ಮಾಡಿದ್ದು. ಚೌಕಾಸಿ ಮಾಡಬೇಡಿ. ಬೇಕಾದ್ದಕ್ಕಿಂತ ಒಂದೆರಡು ಜಾಸ್ತಿಯೇ ತನ್ನಿ, ಮನೆಗೆ ಬಂದವರು ಕೇಳೇ ಕೇಳುತ್ತಾರೆ.