ಬಾರಿನ ಬೆಲ್ಲಿನಿ ಮನೆಯಲ್ಲಿ: ಎಡವಟ್ಟಾಗುವುದು ಮಿಕ್ಸಿಯ ಹತ್ತಿರ

"ಅದೇ ಬಾಟಲಿ, ಅದೇ ಹಣ್ಣು, ಆದರೂ ನಿಮ್ಮಲ್ಲಿ ಕುಡಿದ ಹಾಗೆ ಬರಲಿಲ್ಲ." ಬಾರ್ ಕೌಂಟರ್‌ನಲ್ಲಿ ಕೆಲಸ ಮಾಡುವವರೆಲ್ಲ ಪೀಚ್ ಹಣ್ಣು, ವೈನ್ ಬೆರೆಸಿದ ಬೆಲ್ಲಿನಿ ಎಂಬ ಕಾಕ್‌ಟೇಲ್‌ನ ಬಗ್ಗೆ ಈ ಮಾತು ಕೇಳಿಯೇ ಇರುತ್ತಾರೆ. ಹೇಳುವವರಿಗೆ ಅನುಮಾನ ಇರುವುದು ವೈನಿನ ಮೇಲೆ. ಸಾಮಾನ್ಯವಾಗಿ ಕೈಕೊಟ್ಟಿರುವುದು ಹಣ್ಣಿನ ತಿರುಳು.

ಇದಕ್ಕೆ ಬೇಕಾದದ್ದು ಎರಡೇ ಸಾಮಾನು: ಬಿಳಿ ಪೀಚ್ ತಿರುಳು ಮತ್ತು ಪ್ರೊಸೆಕೊ ಎಂಬ ಇಟಲಿಯ ಗುಳ್ಳೆಯೇಳುವ ವೈನ್. ವೆನಿಸ್‌ನ ಹ್ಯಾರಿಸ್ ಬಾರ್‌ನ ಜುಸೆಪ್ಪೆ ಚಿಪ್ರಿಯಾನಿ ಇದನ್ನು ರೂಪಿಸಿ, ಚಿತ್ರಕಾರ ಜೊವಾನ್ನಿ ಬೆಲ್ಲಿನಿಯ ಹೆಸರಿಟ್ಟರು. ಬಾರ್‌ಟೆಂಡರ್‌ಗಳ ಅಂತರರಾಷ್ಟ್ರೀಯ ಸಂಘದ ಅಳತೆ 100 ಮಿ.ಲೀ. ಪ್ರೊಸೆಕೊಗೆ 50 ಮಿ.ಲೀ. ತಿರುಳು. ಈ ಲೆಕ್ಕದಲ್ಲಿ 750 ಮಿ.ಲೀ. ಬಾಟಲಿಗೆ ಏಳು ಗ್ಲಾಸ್. ತಿರುಳು 350 ಮಿ.ಲೀ. ಬೇಕು. ಸಿಪ್ಪೆ, ಬೀಜ, ಜರಡಿಯಲ್ಲಿ ಉಳಿಯುವ ನಾರು ಕಳೆದು ಅಷ್ಟು ಸಿಗಬೇಕಾದರೆ ಸುಮಾರು 600 ಗ್ರಾಂ ಹಣ್ಣು ತನ್ನಿ.

ತೊಟ್ಟಿನ ಬಳಿ ಹೆಬ್ಬೆರಳಿಟ್ಟು ಒತ್ತಿದರೆ ಮೆಲ್ಲಗೆ ತಗ್ಗುವ ಹಣ್ಣು ಬೇಕು. ಬುಡದಲ್ಲಿ ಚಾಕುವಿನಿಂದ X ಆಕಾರದ ಗೀರು ಹಾಕಿ, ಕುದಿಯುವ ನೀರಿನಲ್ಲಿ 30ರಿಂದ 45 ಸೆಕೆಂಡ್ ಬಿಟ್ಟು, ಕೂಡಲೇ ಐಸ್ ನೀರಿಗೆ ಹಾಕಿ. ಮಾಗಿದ ಹಣ್ಣಿನ ಸಿಪ್ಪೆ ಕೈಗೇ ಕಳಚಿಕೊಂಡು ಬರುತ್ತದೆ. ಚಾಕುವಿನಿಂದ ಹೆರೆಯಬೇಕಾಗಿ ಬಂದರೆ ಆ ಹಣ್ಣಿಗೆ ಇನ್ನೂ ಎರಡು ದಿನ ಬೇಕಿತ್ತು ಎಂದೇ ಅರ್ಥ. ಅನೇಕ ಬಿಳಿ ಪೀಚ್‌ಗಳಲ್ಲಿ ಬೀಜದ ಸುತ್ತ ಕೆಂಪಗಿರುತ್ತದೆ. ಅದನ್ನು ಎಸೆಯದೆ ಕೆರೆದು ಸೇರಿಸಿ. ಬಾರಿನಲ್ಲಿ ಕಾಣುವ ತಿಳಿಗುಲಾಬಿ ಬಣ್ಣ ಬರುವುದು ಅಲ್ಲಿಂದ. ಕೆಂಪೇ ಇಲ್ಲದಿದ್ದರೆ ಎರಡು ರಾಸ್ಪ್‌ಬೆರಿ ಸಾಕು.

ಹೆಚ್ಚಿದ ಪೀಚ್ ಗಾಳಿ ತಾಗಿದರೆ ಕಂದಾಗುತ್ತದೆ. ಅದಕ್ಕೇ ಮಿಕ್ಸಿಗೆ ಹಾಕುವ ಮೊದಲೇ 250 ಗ್ರಾಂ ತಿರುಳಿಗೆ ಒಂದು ಟೀ ಚಮಚ ನಿಂಬೆರಸ ಬೆರೆಸಿ. ಮಿಕ್ಸಿಯನ್ನು ಬಿಟ್ಟು ಬಿಟ್ಟು ನಾಲ್ಕೈದು ಸಲ ತಿರುಗಿಸಿದರೆ ಸಾಕು. ಒಂದೇ ಸಮ ಎರಡು ನಿಮಿಷ ಓಡಿಸಿದರೆ ತಿರುಳಿನ ಜೊತೆ ಗಾಳಿಯೂ ಸೇರಿ ನೊರೆನೊರೆಯಾಗುತ್ತದೆ, ಬಣ್ಣವೂ ಬೇಗ ಮಾಸುತ್ತದೆ. ಆಮೇಲೆ ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಸಲ ಸೋಸಿ. ಇಲ್ಲಿ ಸೋಮಾರಿತನ ಮಾಡಿದವರೇ ಹೆಚ್ಚು. ವೈನಿನಲ್ಲಿ ಕರಗಿರುವ ಗ್ಯಾಸ್‌ಗೆ ಹೊರಬರಲು ಒಂದು ನೆಲೆ ಬೇಕು, ಪ್ರತಿ ನಾರಿನ ತುಣುಕೂ ಅಂಥದೊಂದು ನೆಲೆ. ತಿರುಳು ಬೆಚ್ಚಗಿದ್ದರಂತೂ ಕೇಳುವುದೇ ಬೇಡ: ಗ್ಲಾಸ್ ತುಂಬ ನೊರೆ, ನೊರೆ ಇಳಿದ ಮೇಲೆ ಸಪ್ಪೆ ವೈನ್. ಸೋಸಿದ ತಿರುಳನ್ನು ಮುಚ್ಚಿ ಒಂದು ಗಂಟೆ ಫ್ರಿಜ್‌ನಲ್ಲಿಟ್ಟು, ಮೇಲೆ ತೇಲಿದ ನೊರೆಯನ್ನು ಚಮಚದಲ್ಲಿ ತೆಗೆದುಬಿಡಿ. ತಿರುಳು, ವೈನ್ ಎರಡೂ 4ರಿಂದ 6 ಡಿಗ್ರಿ ಸೆಲ್ಸಿಯಸ್‌ಗೆ ಬರಲಿ. ಗ್ಲಾಸನ್ನೂ ತಣ್ಣಗಿಡಿ.

ಸಿಹಿ ನೋಡುವಾಗ ತಿರುಳನ್ನಷ್ಟೇ ನೆಕ್ಕಿ ತೀರ್ಮಾನಿಸಬೇಡಿ. ತಣ್ಣಗಾದ ತಿರುಳು ಒಂದು ಚಮಚ, ವೈನ್ ಎರಡು ಚಮಚ ಬೆರೆಸಿ ರುಚಿ ನೋಡಿ. ವೈನಿನ ಹುಳಿ ಸೇರಿದಾಗ ಸಿಹಿ ಹಿಂದೆ ಸರಿಯುತ್ತದೆ. ಕಡಿಮೆ ಅನ್ನಿಸಿದರೆ ಸಕ್ಕರೆ, ನೀರು ಸಮಸಮ ಸೇರಿಸಿದ ಪಾಕವನ್ನು 250 ಮಿ.ಲೀ. ತಿರುಳಿಗೆ 10 ಮಿ.ಲೀ. ಹಾಕಿ, ಮತ್ತೆ ನೋಡಿ.

ಬಾಟಲಿ ಕೊಳ್ಳುವಾಗ ಲೇಬಲ್ ಓದಿ. 'ಎಕ್ಸ್‌ಟ್ರಾ ಡ್ರೈ' ಅನ್ನುವುದು ಹೆಸರಿಗೆ ಡ್ರೈ (ಸಿಹಿಯಿಲ್ಲದ್ದು), ಆದರೆ ಲೀಟರಿಗೆ 12ರಿಂದ 17 ಗ್ರಾಂ ಸಕ್ಕರೆ ಇರುತ್ತದೆ. 'ಬ್ರೂಟ್' ಅಂದರೆ 12 ಗ್ರಾಂ ಒಳಗೆ. ಹಣ್ಣು ಚೆನ್ನಾಗಿ ಸಿಹಿ ಇದ್ದರೆ ಬ್ರೂಟ್ ಸರಿ. ದುಬಾರಿ ಶಾಂಪೇನ್ ತಂದು ಪೀಚ್ ತಿರುಳಿನಡಿ ಹೂಳುವುದು ದುಡ್ಡು ದಂಡ. ಅದರ ಬ್ರೆಡ್ಡಿನಂಥ ಯೀಸ್ಟ್ ಪರಿಮಳ ಇಲ್ಲಿ ಮೂಗಿಗೆ ಸಿಗುವುದೇ ಕಷ್ಟ.

ಈಗ ಸುರಿಯುವ ಕೆಲಸ. ಮೊದಲು ತಿರುಳು. ಗ್ಲಾಸನ್ನು ಓರೆ ಹಿಡಿದು, ಗೋಡೆಯ ಮೇಲೆ ಜಾರುವ ಹಾಗೆ ಮೂರರಲ್ಲಿ ಒಂದು ಪಾಲು ವೈನ್ ಬಿಡಿ. ನೊರೆ ಏರಿ ಇಳಿಯಲಿ. ಉದ್ದ ಹಿಡಿಯ ಚಮಚವನ್ನು ತಳಕ್ಕೆ ಮುಟ್ಟಿಸಿ ಮೆಲ್ಲಗೆ ಮೇಲಕ್ಕೆತ್ತಿ, ಎರಡೇ ಸಲ. ತಳದಲ್ಲಿ ಕೂತಿದ್ದ ತಿರುಳು ಹೊಗೆಯ ಸುರುಳಿಯಂತೆ ಎದ್ದು ಹರಡುತ್ತದೆ. ಅಷ್ಟಾದರೆ ಬೆರೆತ ಹಾಗೆಯೇ. ಉಳಿದ ವೈನ್ ಹಾಕಿ. ವೈನ್ ಮೊದಲು ಹಾಕಿ ಮೇಲಿಂದ ತಿರುಳು ಬಿಟ್ಟರೆ, ಅದು ಮುಳುಗುವ ದಾರಿಯುದ್ದಕ್ಕೂ ಗ್ಯಾಸ್ ಎಬ್ಬಿಸಿ ಮೇಜಿನ ಮೇಲೆ ಉಕ್ಕಿಸುತ್ತದೆ. ಶೇಕರ್‌ಗಂತೂ ಹಾಕಲೇಬೇಡಿ, ಒತ್ತಡಕ್ಕೆ ಮುಚ್ಚಳ ಹಾರುತ್ತದೆ.

ಉಳಿದ ತಿರುಳಿನ ಮೇಲ್ಮೈಗೆ ತಾಗುವಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಫ್ರಿಜ್‌ನಲ್ಲಿಟ್ಟರೆ ಮರುದಿನದವರೆಗೆ ಬಣ್ಣ ನಿಲ್ಲುತ್ತದೆ. ಹೆಚ್ಚು ದಿನಕ್ಕೆ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಡಿ, ಆದರೆ ಆ ಗಡ್ಡೆಯನ್ನು ನೇರವಾಗಿ ಗ್ಲಾಸಿಗೆ ಹಾಕಬೇಡಿ. ಕರಗಿಸಿ, ಇನ್ನೊಮ್ಮೆ ಸೋಸಿ ಬಳಸಿ. ಪೀಚ್ ಕಾಲ ಮುಗಿದಿದ್ದರೆ ಸ್ಟ್ರಾಬೆರಿಯಲ್ಲಿ ಇದೇ ಕ್ರಮ ನಡೆಯುತ್ತದೆ, ಅದಕ್ಕೆ ರೊಸ್ಸೀನಿ ಅನ್ನುತ್ತಾರೆ. ಬಿಸಿನೀರಿನ ಕೆಲಸವಿಲ್ಲ, ಜರಡಿ ಮಾತ್ರ ಇನ್ನೂ ಸಣ್ಣ ಕಣ್ಣಿನದು ಬೇಕು: ಆ ಪುಟ್ಟ ಬೀಜಗಳೂ ನೊರೆ ಎಬ್ಬಿಸುತ್ತವೆ.